ಎರಡು ಪೈಸೆಯ ಅಳತಿ

ಲಕ್ಷ್ಮೇಶ್ವರದ ಬಜಾರದಾಗ, ಹಿತ್ತಾಳಿ ಸಾಮಾನಿನ ಅಂಗಡಿ ದಾಟಿ,
ಎರಡು ಮೆಟ್ಟಲ ಇಳದರ ನನ್ನ ಖೋಲಿ.
ದಾವಲಸಾಬ ಶಿಕಲಗಾರ ಅಂತಾರ.
ನಮ್ಮ ಮುತ್ತ್ಯಾ ಕತ್ತಿ ಮಸೀತಿದ್ದಾ,
ನಮ್ಮಪ್ಪ ಬಂದೂಕ ರಿಪೇರಿ. ನಾ ಈಗ ಹೆಚ್ಚಾಗಿ
ಮಿಕ್ಸರಿನ ಬ್ಲೇಡ.

ಅಂಥಾದರಾಗ ಒಂದಿನ ದಾಕ್ಷಾಯಣವ್ವ ಬಂದಳು,
ಕಂಬಳಿಯೊಳಗ ಜೋಡನಳಿಗಿ ಸುತ್ತಿಕೊಂಡು,
ಕೂಸಿನ್ನ ದವಾಖಾನಿಗೆ ತಂದಂಗ.
ಅಜ್ಜಂದು. ಲೈಸನ್ಸು ಈಗ ಆಕಿ ಹೆಸರಿಲೆ.
"ಗೋವಿನಜೋಳದಾಗ ಹಂದಿ ಬಿದ್ದಾವ, ಸಾಬ.
ಇದನ್ನ ನೆಟ್ಟಗ ನಿಲ್ಲಿಸಿದರ ನನ್ನ ಹೆಗಲಿಗೆ ಬರತೈತಿ."

ಅಳದೆ. ನಳಿಗಿ ಮೂವತ್ತೆರಡು ಇಂಚ.
ಕರಿಮದ್ದಿನ ಕಾಲದ ಹಟ ಅದು: ಮದ್ದು ಮೆಲ್ಲಗ ಉರೀತಿತ್ತು,
ಕಾಳಿಗೆ ಓಡಾಕ ದಾರಿ ಬೇಕಿತ್ತು.
ಈಗಿನ ತೋಟಾಕ್ಕ ಅಷ್ಟು ಸಬರಿಲ್ಲ,
ಎರಡು ಗೇಣಿನಾಗ ಅದರ ಸಿಟ್ಟು ಮುಗೀತೈತಿ.

ಕಿಸೆಯಿಂದ ಎರಡು ನಯೇಪೈಸೆ ತಗದೆ,
ನಮ್ಮಪ್ಪಂದು, ಹೂವಿನ ಎಸಳಿನಂಥ ಅಂಚು,
ನನ್ನ ಹತ್ರ ಇರೋ ಒಂದ ಗೇಜು.
ಎಡ ಬಾಯಿಗೆ ಇಟ್ಟೆ, ನಿಂತಿತು.
ಬಲ ಬಾಯಿಗೆ ಇಟ್ಟೆ,
ಅಲ್ಲೂ ನಿಂತಿತು. ಎರಡೂ ಪೂರಾ ಚೋಕು.
ಗಂಟಲ ಬಿಗಿಹಿಡಕೊಂಡು ಹುಟ್ಟಿದ ಬಂದೂಕ.

"ನಿಮ್ಮಜ್ಜ ಇದನ್ನ ಯಾತಕ್ಕ ಹಿಡೀತಿದ್ರು?"
"ಮಾಗಡಿ ಕೆರಿಗೆ. ಚಳಿಗಾಲದಾಗ. ಹೆಬ್ಬಾತಿಗೆ."

ಸರಿ. ಮುಗಿಲಾಗಿನ ಹೆಬ್ಬಾತಿಗೆ ಇದು ಬರೋಬರಿ.
ನಲವತ್ತು ಗಜ ಹೋದರೂ ಕಾಳು ಕೂಡೇ ಇರಬೇಕು,
ದಿಬ್ಬಣದ ಮಂದಿ ಸಂದಿ ಹಾದಂಗ.
ಉದ್ದ ನಳಿಗಿ ಹಕ್ಕಿ ಜೋಡಿ ತೂಗಿಕೋತ ಹೋಗತೈತಿ,
ಗಕ್ಕನ ನಿಲ್ಲೂದಿಲ್ಲ.
ಕೌಜುಗಕ್ಕ ಇಷ್ಟು ಬಿಗಿ ಬ್ಯಾಡ. ಪುರ್ರನ ಕಾಲಬುಡಕ ಏಳೋ ಜೀವ;
ತಪ್ಪಿದರ ಪೂರಾ ತಪ್ಪತೈತಿ,
ತಾಗಿದರ ಸಾರಿಗೆ ಏನೂ ಉಳಿಯಂಗಿಲ್ಲ.
ಹಂದಿಗಂತೂ ಕತ್ತಲಿ, ಇಪ್ಪತ್ತ ಹೆಜ್ಜಿ,
ಜೋಳದ ಗರಿ ನಳಿಗಿಗೆ ತೊಡರತಾವ.
ಗಿಡ್ಡಂದು ಬೇಕು, ಬಾಯಿ ಬಿಟ್ಟಿದ್ದು ಬೇಕು.

ಈಗ ಹೆಬ್ಬಾತಿನ ಹೆಸರು ತಗದರೂ ಜೇಲು,
ಮಂದಿ ದುರ್ಬೀನ ಹಿಡಕೊಂಡು ಹೋಗತಾರ ಆ ಕೆರಿಗೆ.
ಹಂದಿಗೂ ಒಂದು ಕಾಗದ ಬೇಕು.
ನಾ ಹೇಳಿದ್ದು ಬರೇ ವಿದ್ಯಾ.

ಆಕಿ ನಕ್ಕಳು. "ಹೊಡಿಯಾಕಲ್ಲ ಸಾಬ. ಸಪ್ಪಳಷ್ಟ ಬೇಕು.
ಮುಗಿಲಿಗೊಂದು ಹಾರಿಸಿದರ ಓಡತಾವ."

ನಲವತ್ತು ವರ್ಷದ ಕೆಲಸ. ಸಪ್ಪಳಕ್ಕ ಯಾವ ಚೋಕು ಅಂತ
ಯಾರೂ ಕೇಳಿರಲಿಲ್ಲ.
ಗೊತ್ತಿಲ್ಲ ಅನ್ನಾಕ ನಾಚಿಕಿ ಬಂತು, ಚಾ ತರಿಸಿದೆ.

ಆರು ಇಂಚ ಕೊಯ್ದರ ಹಗುರ ಆಗತೈತಿ, ಸಪ್ಪಳಾನೂ ಜೋರು.
ಆದರ ಚೋಕು ಇರೂದ ತುದಿಯ ಮೂರು ಬೆರಳಗಲದಾಗ,
ಕೊಯ್ದಿದ್ದು ತಿರುಗಿ ಹುಟ್ಟೂದಿಲ್ಲ.
"ಮತ್ತ ಇದು ಹೆಬ್ಬಾತಿನ ಬಂದೂಕ ಆಗೂದಿಲ್ಲವ್ವ" ಅಂದೆ.
"ಆಗಬಾರದು" ಅಂದಳು, ಕಪ್ಪು ಕೆಳಗಿಟ್ಟು.

ಡೀಸಿ ಆಫೀಸಿನ ಕಾಗದಕ್ಕ ಎರಡು ತಿಂಗಳ ಹಿಡೀತು.
ಆಮ್ಯಾಲ ಗರಗಸ, ಎಣ್ಣಿ, ಉಸರು ಬಿಗಿಹಿಡದು ಅರ್ಧ ತಾಸು.
ಕಬ್ಬಿಣದ ಪುಡಿ ದಾಡಿಯೊಳಗ ಕುಂತಿತು.
ಗುರಿಯ ಹಿತ್ತಾಳಿ ಮಣಿ ಹೊಸ ತುದಿಗೆ ಕೂಡಿಸಿದೆ,
ಮುಗಿಲು ಹೊಡ್ಯಾಕಿಗೆ ಮಣಿ ಯಾತಕ್ಕ ಅಂತ
ಕೂಡಿಸಿದ ಮ್ಯಾಲೆ ಹೊಳೀತು.

ಮಡಚಿ ಹಿಡಿ ಅಂದೆ, ಬಾಯಿ ಮ್ಯಾಲ, ಕೆಳಗ ನಿನ್ನ ಅಂಗೈ.
ಪೈಸೆ ಇಟ್ಟೆ.
ನಿಲ್ಲಲಿಲ್ಲ.
ನಳಿಗಿ ಉದ್ದಕ್ಕೂ ಟಿಣಿ ಟಿಣಿ ಅಂಕೋತ ಇಳದು
ಆಕಿ ಕೈಯಾಗ ಬಿತ್ತು.

ಮಜೂರಿ ತಗೊಂಡೆ, ಪೈಸೆ ಇಸಗೊಂಡೆ.
ಕೊಯ್ದ ತುಣುಕು ಕೇಳಿದಳು, ಜೋಡಿ ತೂತಿನದು.
ಬಾಗಲದಾಗ ನಿಂತು ದುರ್ಬೀನಿನಂಗ ಹಿಡದಳು.
ಎರಡೂ ಕಣ್ಣಿಗೆ ಕೂಡಲಿಲ್ಲ, ಒಂದಕ್ಕ ಹಚ್ಚಿದಳು,
ಸಂತಿ ಮುಗದ ಬಜಾರದ ಕಡೆ.
"ಒಬ್ಬರ ಮಾರಿ ಅಷ್ಟ ಕಾಣತೈತಿ" ಅಂದಳು.

ಯಾರದು ಅಂತ ನಾ ಕೇಳಲಿಲ್ಲ.
ಬ್ಲೇಡಿನ ಗಿರಾಕಿ ಬಂದಿತ್ತು.